ಬೆವರದವನ ಸೆಕೆ

ಕಳೆದ ಭಾನುವಾರ ಮಟಮಟ ಮಧ್ಯಾಹ್ನ ನಾನು ಕೈಯಲ್ಲಿ ಕತ್ತಿ ಹಿಡಿದುಕೊಂಡು ಒಂದು ವ್ಯಾನಿನ ಮಾಡಿನ ಮೇಲೆ ನಿಂತಿದ್ದೆ.

ಕೊಲ್ಲಮೊಗ್ರು ಕಡೆಯ ಒಂದು ಶಾಲೆಯ ಮೈದಾನ. ವಾಲಿಬಾಲ್ ಪಂದ್ಯಾಟ. ಆದರೆ ಜನ ಪಂದ್ಯ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಐವತ್ತು ದಾಟಿದ ಹೆಂಗಸು, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ನೀಲಿ ಟರ್ಪಾಲಿನ ಹಗ್ಗವನ್ನು ಕಚಕಚ ಕಡಿಯುತ್ತಾ, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಿದ್ದರೆ ವಾಲಿಬಾಲ್ ಯಾರಿಗೆ ಬೇಕು?

ಮೊಬೈಲುಗಳು ಮೇಲೆದ್ದವು. ನಾನು ಪುತ್ತೂರಿಗೆ ಮುಟ್ಟುವ ಮೊದಲೇ ವಿಡಿಯೋ ಮುಟ್ಟಿತ್ತು. "ಎಸಿ ಸಿಗದ ಸಿಟ್ಟಿಗೆ ಅಂಕಣಗಾರ್ತಿಯ ರಂಪ" ಅಂತ ಹೆಡ್ಡಿಂಗು ಬೇರೆ. ಸುಳ್ಯದ ಗ್ರೂಪಿನಿಂದ ಕಡಬದ ಗ್ರೂಪಿಗೆ, ಅಲ್ಲಿಂದ ನಮ್ಮ ಕುಟುಂಬದ ಗ್ರೂಪಿಗೆ. ನಿಮ್ಮಲ್ಲಿ ಕೆಲವರು ಅದನ್ನು ನನಗೇ ಫಾರ್ವರ್ಡ್ ಮಾಡಿದ್ದೀರಿ. (ಒಬ್ಬರು ನಗುವ ಮುಖಗಳ ಸಾಲು ಹಾಕಿ "ಮೇಡಂ ಸೂಪರ್" ಎಂದಿದ್ದಾರೆ. ನಿಮ್ಮ ನಂಬರ್ ಸೇವ್ ಮಾಡಿಟ್ಟುಕೊಂಡಿದ್ದೇನೆ.)

ರಂಪ ಮಾಡಿದ್ದು ನಿಜ. ಎಸಿಗಾಗಿಯೇ ಮಾಡಿದ್ದು ಎನ್ನುವುದೂ ನಿಜ. ಯಾಕೆ ಎನ್ನುವುದು ಮಾತ್ರ ವಿಡಿಯೋದಲ್ಲಿ ಇಲ್ಲ. ಹೇಳುತ್ತೇನೆ, ಕೇಳಿ. ಸಿಟ್ಟು ಇನ್ನೂ ಇಳಿದಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನನಗೊಬ್ಬ ತಮ್ಮ. ಹೆಸರು ವಿಠಲ. ಒಂದು ಕಾಲದಲ್ಲಿ ನಮ್ಮ ಮೂರೂ ತಾಲೂಕಿನಲ್ಲಿ ಅವನ ಸ್ಮ್ಯಾಶ್ ಎದುರು ನಿಲ್ಲಲು ಹುಡುಗರು ಹೆದರುತ್ತಿದ್ದರು. ಒಂದು ಬೇಸಿಗೆಯಲ್ಲಿ, ಪಂದ್ಯ ಗೆದ್ದ ಖುಷಿಯಲ್ಲಿ, ಗೆಳೆಯರ ಜೊತೆ ಕುಮಾರಧಾರೆ ಹೊಳೆಯ ಗುಂಡಿಗೆ ತಲೆ ಕೆಳಗಾಗಿ ಹಾರಿದ. ಅಲ್ಲಿ ಅವನು ಎಣಿಸಿದಷ್ಟು ನೀರು ಇರಲಿಲ್ಲ. ಕುತ್ತಿಗೆಯ ಮೂಳೆ ಹೋಯಿತು. ಅಂದಿನಿಂದ ಅವನು ವೀಲ್‌ಚೇರಿನಲ್ಲಿದ್ದಾನೆ. ಕೈ ಸ್ವಲ್ಪ ಆಡುತ್ತದೆ, ಬೆರಳು ಮಡಚುವುದಿಲ್ಲ.

"ಕಾಲು ಹೋಯ್ತು ಅಕ್ಕ, ಬಾಯಿ ಹೋಗ್ಲಿಲ್ಲ" ಅನ್ನುತ್ತಾನೆ. ಆ ಬಾಯಿಯಿಂದಲೇ ಈಗ ಬದುಕುತ್ತಾನೆ. ನಮ್ಮ ಕಡೆ ವಾಲಿಬಾಲ್, ಕಬಡ್ಡಿ ನೋಡುವವರಿಗೆ ಅವನ ವೀಕ್ಷಕ ವಿವರಣೆ ಗೊತ್ತು. ತುಳುವಿನಲ್ಲಿ ಶುರು ಮಾಡಿ, ಕನ್ನಡಕ್ಕೆ ಹಾರಿ, ನಡುವೆ ಅರೆಭಾಷೆಯಲ್ಲಿ ಒಂದು ಚಟಾಕಿ ಹಾರಿಸಿ, ಸೋಲುತ್ತಿರುವ ಟೀಮಿನವರನ್ನೂ ನಗಿಸುತ್ತಾನೆ. ಮೈಕಿನ ಹಿಂದೆ ಕೂತವನು ವೀಲ್‌ಚೇರಿನಲ್ಲಿದ್ದಾನೆ ಅಂತ ದೂರದಲ್ಲಿ ನಿಂತವರಿಗೆ ಗೊತ್ತೇ ಆಗುವುದಿಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಉಂಟು. ವಿಠಲ ಬೆವರುವುದಿಲ್ಲ.

ಬೆವರುವುದು ಅಂದರೆ ಮಿದುಳು ಮೈಗೆ ಕೊಡುವ ಒಂದು ಆರ್ಡರು. ಅವನ ಕುತ್ತಿಗೆಯಲ್ಲಿ ತಂತಿ ಕಡಿದಿದೆ, ಆರ್ಡರು ಕೆಳಗೆ ಹೋಗುವುದಿಲ್ಲ. ಹೊರಗೆ ಸೆಕೆ ಏರಿದ ಹಾಗೆ ಅವನ ಮೈಯೂ ಏರುತ್ತಾ ಹೋಗುತ್ತದೆ. ಇಳಿಸಿಕೊಳ್ಳುವ ದಾರಿ ಅವನ ಮೈಗೆ ಗೊತ್ತಿಲ್ಲ. ಚಳಿಗೂ ಅಷ್ಟೇ, ನಡುಗಿ ಬೆಚ್ಚಗಾಗಲು ಆಗುವುದಿಲ್ಲ. ನಮಗೆ ಏಪ್ರಿಲ್ ತಿಂಗಳು ಅಂದರೆ ಕಿರಿಕಿರಿ, ಅಂಗಿ ಒದ್ದೆ, ರಾತ್ರಿ ನಿದ್ದೆಯಿಲ್ಲ. ಅವನಿಗೆ ಏಪ್ರಿಲ್ ಅಂದರೆ ಪ್ರಾಣದ ಪ್ರಶ್ನೆ. ಡಾಕ್ಟರು ನಮ್ಮನ್ನು ಎದುರು ಕೂರಿಸಿ ಇದೇ ಮಾತು ಹೇಳಿದ್ದಾರೆ.

ಅದಕ್ಕೇ ಆ ವ್ಯಾನು. ಹಳೆಯ ಟೂರಿಸ್ಟ್ ವ್ಯಾನನ್ನು ಕ್ಯಾರವಾನ್ ಮಾಡಿಸಿದ್ದು. ಒಳಗೆ ಮಂಚ, ಸಿಂಕು, ಸಣ್ಣ ಫ್ರಿಜ್ಜು. ಹಿಂದಿನ ಬಾಗಿಲಿಗೆ ವೀಲ್‌ಚೇರು ಹತ್ತಿಸಲು ರ‍್ಯಾಂಪು. ಮಾಡಿನ ಮೇಲೆ ಆಮೆಯ ಚಿಪ್ಪಿನ ಹಾಗೆ ಕೂತ ಬಿಳಿ ಪೆಟ್ಟಿಗೆ. ಎಸಿ ಅಂತ ಎಲ್ಲರೂ ಹೇಳುವುದು, ನಾನೂ ಹೇಳುವುದು. ಸರಿಯಾದ ಹೆಸರು ಹೀಟ್ ಪಂಪ್. ಬೇಸಿಗೆಯಲ್ಲಿ ಒಳಗಿನ ಬಿಸಿಯನ್ನು ಎಳೆದು ಹೊರಗೆ ಹಾಕುತ್ತದೆ. ಡಿಸೆಂಬರಿನಲ್ಲಿ ರಿಮೋಟಿನಲ್ಲಿ ಸೂರ್ಯನ ಚಿತ್ರ ಒತ್ತಿದರೆ ಹೊರಗಿನ ಬಿಸಿಯನ್ನು ಹೆಕ್ಕಿ ಒಳಗೆ ತರುತ್ತದೆ. ವಿಠಲನ ಮೈ ಮಾಡಲಾಗದ ಎರಡೂ ಕೆಲಸವನ್ನು ಆ ಪೆಟ್ಟಿಗೆ ಮಾಡುತ್ತದೆ.

ಊರಿನವರು ಅದಕ್ಕೆ ಇಟ್ಟ ಹೆಸರು "ಶೋಕಿ ಬಸ್ಸು".

ಒಂದು ಮದುವೆಯಲ್ಲಿ ಹತ್ತಿರದ ಸಂಬಂಧಿಕರೇ ನನ್ನ ಕಿವಿಗೆ ಬೀಳುವ ಹಾಗೆ ಹೇಳಿದರು, "ಅಡಿಕೆಗೆ ರೇಟು ಬಂದದ್ದು ಇವರ ಮಾಡಿನ ಮೇಲೆ ಕಾಣ್ತದೆ." ಊಟಕ್ಕೆ ಕೂತಿದ್ದೆ. ಹೋಳಿಗೆಯನ್ನು ಎಲೆಯ ಬದಿಗೆ ಸರಿಸಿದೆ. ಮತ್ತೊಬ್ಬರು ಬುದ್ಧಿ ಹೇಳಿದರು: "ನಮ್ಮ ಅಜ್ಜಂದಿರು ಎಸಿ ಇಲ್ಲದೆ ಬದುಕ್ಲಿಲ್ವಾ?" ಬದುಕಿದರು ಸ್ವಾಮಿ. ಬೆವರುತ್ತಿದ್ದರು, ಅದಕ್ಕೇ ಬದುಕಿದರು.

ಇನ್ನು ಅದನ್ನು ಮಾರಿದವನ ಕತೆ. "ಮೇಂಟೆನೆನ್ಸ್ ಅಂತ ಎಂತದ್ದೂ ಇಲ್ಲ ಮೇಡಂ, ಸ್ವಿಚ್ ಹಾಕಿ, ಕೂತುಕೊಳ್ಳಿ" ಅಂದ. ಎಷ್ಟು ಸಲೀಸಾಗಿ ಅಂದ! ದೆಹಲಿಗೋ ದುಬೈಗೋ ಮಾಡಿದ ಮಾತು ಅದು. ನಮ್ಮ ಕಡೆ ಒಂದು ಮಳೆಗಾಲ ಹೊರಗೆ ನಿಲ್ಲಿಸಿ ನೋಡಲಿ. ಮೊದಲ ವರ್ಷವೇ ಪೆಟ್ಟಿಗೆಯ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ರಬ್ಬರು ತೋಟದ ಪಕ್ಕ ನಿಲ್ಲಿಸಿದ್ದಾಗ ಬೀಜ ಸಿಡಿದು ಪಟಪಟ ಅಂತ ಬಿದ್ದು ಮುಚ್ಚಳದ ಮೂಲೆ ಒಡೆದಿತ್ತು. ಒಣಗಿದ ಎಲೆ ಚೂರು, ಧೂಳು, ಇರುವೆ. ನೀರು ಹರಿದು ಹೋಗುವ ತೂತು ಪಾಚಿ ಕಟ್ಟಿ ಮುಚ್ಚಿ, ಒಂದು ದಿನ ವಿಠಲನ ತಲೆಯ ಮೇಲೇ ತೊಟ್ಟಿಕ್ಕಿತು. "ಅಕ್ಕ, ಗಂಗಾವತರಣ" ಅಂತ ಅವನು ನಕ್ಕ. ನನಗೆ ನಗು ಬರಲಿಲ್ಲ.

ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ನಾನು ವ್ಯಾನಿಗೆ ಜೋಡಿಸಿದ ಏಣಿ ಹತ್ತುತ್ತೇನೆ. ಮೇಲಿನ ಕಸ ತೆಗೆಯುವುದು, ಒಳಗಿನ ಜಾಳಿಗೆಯಂಥ ಫಿಲ್ಟರ್ ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುವುದು, ನೀರಿನ ತೂತಿಗೆ ತೆಳು ವಯರ್ ಹಾಕಿ ನೋಡುವುದು. ತಗಡಿನ ತೆಳ್ಳಗಿನ ರೆಕ್ಕೆಗಳಿಗೆ ಹಳೆ ಪೇಂಟ್ ಬ್ರಷ್ ಮಾತ್ರ. (ನನ್ನ ಯಜಮಾನರು ಒಮ್ಮೆ ತೋಟಕ್ಕೆ ಮದ್ದು ಬಿಡುವ ಪಂಪು ತಂದು "ಒಂದೇ ಸಲ ಗನ್ನಿನಲ್ಲಿ ಹೊಡೀತೇನೆ, ಕ್ಲೀನ್" ಅಂದರು. ಹೊಡೆದಿದ್ದರೆ ರೆಕ್ಕೆಗಳೆಲ್ಲ ಮಡಚಿಕೊಂಡು ಗಾಳಿ ಹೋಗುವ ದಾರಿಯೇ ಮುಚ್ಚುತ್ತಿತ್ತು. ಏಣಿಯ ಕೆಳಗೇ ತಡೆದೆ. ಎರಡು ದಿನ ನಮ್ಮಲ್ಲಿ ಮಾತಿರಲಿಲ್ಲ.)

ಇಷ್ಟೆಲ್ಲ ಮಾಡುವುದು ಯಾಕೆ? ಆ ಪೆಟ್ಟಿಗೆ ಒಂದು ಮಧ್ಯಾಹ್ನ ಕೈಕೊಟ್ಟರೆ ನನ್ನ ತಮ್ಮ ಕೈಕೊಡುತ್ತಾನೆ, ಅದಕ್ಕೆ.

ಈಗ ಭಾನುವಾರಕ್ಕೆ ಬರೋಣ.

ಪಂದ್ಯಾಟ ಸಮಿತಿಯ ಅಧ್ಯಕ್ಷರು ಪುರುಷೋತ್ತಮ. ನಾವೆಲ್ಲ ಪುರುಷಣ್ಣ ಅನ್ನುವುದು. ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಿತ್ತು, ಬೈದು ಬಂದುಬಿಡುತ್ತಿದ್ದೆ. ಒಳ್ಳೆಯವರ ಉಪಕಾರ ತಾಳಿಕೊಳ್ಳುವುದೇ ಕಷ್ಟ.

"ವಿಠಲಣ್ಣ ಮೈಕಿನಲ್ಲಿ ಇಲ್ಲದಿದ್ರೆ ನಮ್ಮ ಮ್ಯಾಚು ಉಪ್ಪಿಲ್ಲದ ಗಂಜಿ ಅಕ್ಕ, ನೀವು ಕರ್ಕೊಂಡು ಬರ್ಲೇಬೇಕು" ಅಂತ ಫೋನ್ ಮಾಡಿದರು. ನಾನು ಷರತ್ತು ಹೇಳಿದೆ. ವ್ಯಾನಿಗೆ ಶಾಲೆಯಿಂದ ದಪ್ಪ ವಯರಿನಲ್ಲಿ ಬೇರೆಯೇ ಲೈನು ಬೇಕು, ಅದಕ್ಕೆ ಮೈಕ್ ಸೆಟ್ಟು, ಐಸ್‌ಕ್ರೀಮ್ ಡಬ್ಬ ಎಂತದ್ದೂ ಸಿಕ್ಕಿಸಬಾರದು. ಮೈಕಿನ ಹತ್ತಿರ ನೆರಳು, ಫ್ಯಾನು. ಪ್ರತಿ ಪಂದ್ಯ ಮುಗಿದ ಮೇಲೆ ಅವನು ವ್ಯಾನಿಗೆ ಬಂದು ಮೈ ತಣ್ಣಗೆ ಮಾಡಿಕೊಳ್ಳಬೇಕು.

"ಆಯ್ತು ಅಕ್ಕ. ಎಲ್ಲ ವ್ಯವಸ್ಥೆ ಉಂಟು. ನೀವು ಟೆನ್ಶನ್ ಮಾಡ್ಬೇಡಿ."

ವ್ಯವಸ್ಥೆ ಇತ್ತು. ಸುಳ್ಳು ಹೇಳುವುದಿಲ್ಲ. ಲೈನು ಎಳೆದಿದ್ದರು. ಫ್ಯಾನು ಇಟ್ಟಿದ್ದರು. ಬಿದಿರಿನ ಸ್ವಾಗತ ದ್ವಾರಕ್ಕೆ ನಮ್ಮ ಪೆಟ್ಟಿಗೆ ತಾಗುತ್ತದೆ ಅಂತ ಗೊತ್ತಾದ ಕೂಡಲೇ, ಕಟ್ಟಿದ ದ್ವಾರವನ್ನೇ ನಾಲ್ಕು ಜನ ಎತ್ತಿ ಹಿಡಿದು ನಮ್ಮನ್ನು ಒಳಗೆ ಬಿಟ್ಟರು. ಅಷ್ಟು ಪ್ರೀತಿ.

ಪ್ರೀತಿ ಶುರುವಾದದ್ದೇ ಸನ್ಮಾನದಿಂದ. ಉದ್ಘಾಟನೆಯಲ್ಲಿ ವಿಠಲನಿಗೆ ಪೇಟ, ಹಾರ, ಶಾಲು. ದಪ್ಪ ಶಾಲು, ಜರಿ ಅಂಚಿನದು. ಏಪ್ರಿಲ್ ತಿಂಗಳು! ಸೆಕೆಗೆ ನಾಯಿಗಳೂ ಮರದ ಬುಡ ಬಿಟ್ಟು ಏಳದ ದಿನ, ಬೆವರದ ಮನುಷ್ಯನಿಗೆ ಶಾಲು! ಅವನು ತಾನಾಗಿ ತೆಗೆಯಲಾರ. ನಾನು ಹೋಗಿ ತೆಗೆದೆ. "ಅಕ್ಕ, ಫೋಟೋ ಆಗ್ಲಿಲ್ಲ" ಅಂತ ಒಬ್ಬರು ಮತ್ತೆ ಹೊದೆಸಿದರು. ಭಾಷಣ ಮುಗಿಯುವವರೆಗೆ ಅವನು ಶಾಲು, ಪೇಟದಲ್ಲೇ ಕೂತ. ವೇದಿಕೆಯ ಮೇಲೆ ತಗಾದೆ ಮಾಡಬಾರದು ಅಂತ ನನ್ನ ಕಡೆ ಕಣ್ಣು ಮಿಟುಕಿಸಿದ.

ನಮ್ಮ ಊರಿನಲ್ಲಿ ಗೌರವ ಅಂದರೆ ಏನನ್ನಾದರೂ ಮುಚ್ಚುವುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೊದಲ ಪಂದ್ಯ ಆಯಿತು. ವ್ಯಾನಿಗೆ ಬಂದೆವು. ಒಳಗೆ ಹಿತವಾದ ತಂಪು. ಒದ್ದೆ ಬಟ್ಟೆ ಕುತ್ತಿಗೆಗಿಟ್ಟೆ, ನೀರು ಕುಡಿಸಿದೆ. ಅವನ ಮೈ ಇಳಿಯಿತು. ಎಲ್ಲ ಸರಿ.

ಎರಡನೇ ಪಂದ್ಯ ಮುಗಿಸಿ ಬಂದರೆ ವ್ಯಾನಿನ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಅತಿಥಿಗಳು! ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ಪುನರ್ಪುಳಿ ಶರಬತ್ತು. ಒಬ್ಬರು ವಿಠಲನ ಮಂಚದ ಮೇಲೆ ಕಾಲು ಚಾಚಿದ್ದರು. ಬಾಗಿಲು ಮುಚ್ಚದ ಹಾಗೆ ಒಂದು ವಾಲಿಬಾಲನ್ನು ಅಡ್ಡ ಇಟ್ಟಿದ್ದರು, ಹೊರಗಿನವರ ಜೊತೆ ಮಾತಾಡಲು. ಪೆಟ್ಟಿಗೆ ಪಾಪ, ಇಡೀ ಕೊಲ್ಲಮೊಗ್ರನ್ನೇ ತಂಪು ಮಾಡಲು ಗುಂಯ್‌ಗುಡುತ್ತಿತ್ತು.

"ಬನ್ನಿ ಬನ್ನಿ, ಜಾಗ ಉಂಟು" ಅಂದರು ಮಂಚದ ಮೇಲಿದ್ದವರು. ನಮ್ಮ ವ್ಯಾನಿಗೆ ನಮಗೇ ಆಮಂತ್ರಣ!

ಮೊದಲು ಮರ್ಯಾದೆಯಲ್ಲೇ ಹೇಳಿದೆ. ಸ್ವಲ್ಪ ಹೊರಗೆ ಬರಬೇಕು, ವಿಠಲನಿಗೆ ಒಳಗೆ ಬರಬೇಕು, ಅವನಿಗೆ ಸೆಕೆ ಆಗಬಾರದು.

ಅವರು ವಿಠಲನ ಮುಖ ನೋಡಿದರು. ತಮ್ಮ ಹಣೆಯನ್ನು ಕರ್ಚೀಫಿನಲ್ಲಿ ಒರೆಸಿಕೊಂಡರು. "ಅವರಿಗೆ ಎಂತ ಸೆಕೆ ಮಾರಾಯ್ರೆ? ನಮ್ಮನ್ನು ನೋಡಿ, ಮೈಯೆಲ್ಲ ನೀರು. ಅವರಿಗೆ ಒಂದು ಹನಿ ಬೆವರಿಲ್ಲ. ಪುಣ್ಯವಂತರು!"

ಸುತ್ತ ನಿಂತವರು ತಲೆಯಾಡಿಸಿದರು. ಹೌದಲ್ಲ, ಬೆವರೇ ಇಲ್ಲ!

ಬೆವರಿಲ್ಲ ಅನ್ನುವುದೇ ಕಾಯಿಲೆ ಅಂತ ಶರಬತ್ತು ಹಿಡಿದವರಿಗೆ ಹೇಗೆ ಅರ್ಥ ಮಾಡಿಸುವುದು? ಆದರೂ ಹೇಳಿದೆ, ಕೂಗಿಯೇ ಹೇಳಿದೆ. ಅವರು ಎದ್ದರು. ಎದ್ದು, ಚಪ್ಪಲಿ ಹುಡುಕಿ, ಶರಬತ್ತು ಮುಗಿಸಿ, ಇಳಿಯುವ ಹೊತ್ತಿಗೆ ಅತ್ತ ಸೀಟಿ ಊದಿತು. ಸೆಮಿಫೈನಲ್. "ಇರ್ಲಿ ಅಕ್ಕ, ಇದೊಂದು ಮುಗಿಸಿ ಬರ್ತೇನೆ" ಅಂದ ವಿಠಲ. ನಾನು ಬಾಗಿಲು ಮುಚ್ಚಿದೆ. ಯಾರೂ ಒಳಗೆ ಹೋಗಬಾರದು, ಒಳಗೆ ತಂಪು ನಿಲ್ಲಬೇಕು ಅಂತ ಪುರುಷಣ್ಣನಿಗೆ ಖಡಕ್ಕಾಗಿ ಹೇಳಿ ಅವನ ಜೊತೆ ಮೈಕಿನ ಹತ್ತಿರ ಹೋದೆ.

ಪುರುಷಣ್ಣನಿಗೆ ಬೇಸರವಾಗಿತ್ತು. ತನ್ನ ಅತಿಥಿಗಳಿಂದ ತಪ್ಪಾಯಿತು, ಅಕ್ಕನಿಗೆ ಸಿಟ್ಟು ಬಂತು. ಏನಾದರೂ ಒಳ್ಳೆಯದು ಮಾಡಬೇಕು ಅಂತ ಅವರಿಗೆ ಅನ್ನಿಸಿರಬೇಕು. ನೋಡಿದರೆ ವ್ಯಾನು ಉರಿಬಿಸಿಲಲ್ಲಿ ನಿಂತಿದೆ. ಮೇಲಿನ ಮೆಶಿನು ಬಿಸಿಲಲ್ಲಿ ಕಾಯುತ್ತಿದೆ. ಬಡಗು ದಿಕ್ಕಿನಲ್ಲಿ ಮೋಡವೂ ಕಾಣುತ್ತಿದೆ.

ಅಡಿಕೆ ಒಣಗಿಸುವ ನಾಡಿನ ಮನುಷ್ಯನಿಗೆ ಬಿಸಿಲು ಮೋಡ ಎರಡೂ ಒಟ್ಟಿಗೆ ಕಂಡರೆ ಕೈ ಎಲ್ಲಿಗೆ ಹೋಗುತ್ತದೆ? ಟರ್ಪಾಲಿಗೆ.

ನನಗೆ ಇದು ಯಾವುದೂ ಗೊತ್ತಿಲ್ಲ. ನಾನು ವಿಠಲನ ಪಕ್ಕ ಕೂತು ಅವನ ಕುತ್ತಿಗೆಗೆ ಒದ್ದೆ ಬಟ್ಟೆ ಬದಲಿಸುತ್ತಿದ್ದೆ. ಪಂದ್ಯ ಜೋರಾಗಿತ್ತು, ಸೆಟ್ಟು ಎಳೆಯುತ್ತಾ ಹೋಯಿತು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ಮುಖಕ್ಕೆ ಎಸೆಯುತ್ತಿತ್ತು. ವಿಠಲನ ಮಾತು ಸ್ವಲ್ಪ ನಿಧಾನವಾಯಿತು. ಒಂದು ಪಾಯಿಂಟ್ ತಪ್ಪಿ ಎರಡು ಸಲ ಹೇಳಿದ. ಜನ ನಕ್ಕರು. ಆಮೇಲೆ ಅಂದ:

"ಈಗ ಸರ್ವಿಸಿಗೆ ಶೇಖರ. ನೋಡಿ ಶೇಖರನ ಎಡಗೈ..."

ಮೈದಾನದಲ್ಲಿ ಶೇಖರ ಅಂತ ಯಾರೂ ಇರಲಿಲ್ಲ. ಶೇಖರ ವಿಠಲನ ಹಳೆಯ ಟೀಮಿನವನು. ಆವತ್ತು ಹೊಳೆಗೆ ಜೊತೆಯಲ್ಲಿ ಹೋದವನು. ಎಷ್ಟೋ ವರ್ಷಗಳಿಂದ ಅವನು ಊರಲ್ಲೇ ಇಲ್ಲ.

ಜನ ಮತ್ತೆ ನಕ್ಕರು. ವಿಠಲಣ್ಣನ ಜೋಕು ಅಂತ.

ನಾನು ಅವನ ಹಣೆ ಮುಟ್ಟಿದೆ. ಕಾದ ಕಾವಲಿ. ಒಣ ಒಣ. ಕಣ್ಣು ಎಲ್ಲೋ ನೋಡುತ್ತಿತ್ತು. ಮೈಕು ಕಿತ್ತಿಟ್ಟು ವೀಲ್‌ಚೇರು ತಳ್ಳಿಕೊಂಡು ಓಡಿದೆ. ಮೈದಾನದ ಮರಳಿನಲ್ಲಿ ಚಕ್ರ ಹೂತಿತು, ಯಾರೋ ಎತ್ತಿದರು. ವ್ಯಾನಿನ ಹಿಂದಿನ ಬಾಗಿಲು ತೆಗೆದೆ.

ಒಳಗಿನಿಂದ ಬಿಸಿ ಮುಖಕ್ಕೆ ರಾಚಿತು. ಹೊರಗಿಗಿಂತ ಒಳಗೇ ಸೆಕೆ! ಪೆಟ್ಟಿಗೆ ಸದ್ದಿಲ್ಲ, ಕೆಂಪು ದೀಪ ಮಾತ್ರ ಪಿಳಿಪಿಳಿ. ಸಮಿತಿಯ ಒಬ್ಬರು ಒಳಗೆ ನಿಂತು ರಿಮೋಟು ಒತ್ತುತ್ತಿದ್ದರು. "ಹದಿನಾರಕ್ಕೆ ಇಟ್ಟಿದ್ದೇನೆ ಅಕ್ಕ. ಆಫ್ ಮಾಡಿ ಆನ್ ಮಾಡಿ ನೋಡ್ತಾ ಇದ್ದೇನೆ. ತಂಪೇ ಆಗುದಿಲ್ಲ."

ಹೊರಗೆ ಬಂದು ತಲೆಯೆತ್ತಿ ನೋಡಿದೆ. ನೀಲಿ ಟರ್ಪಾಲು. ಮಾಡಿಗೆ, ಪೆಟ್ಟಿಗೆಗೆ, ಎಲ್ಲದಕ್ಕೂ ಸೇರಿಸಿ, ನಾಲ್ಕೂ ಮೂಲೆ ಎಳೆದು, ಕಿಟಕಿಯ ಸರಳಿಗೆ ಹಗ್ಗ ಬಿಗಿದು. ಒಂದು ಸುಕ್ಕಿಲ್ಲದ ಹಾಗೆ. ಅಂಗಳದ ಅಡಿಕೆಗೂ ಅಷ್ಟು ನೀಟಾಗಿ ಯಾರೂ ಹೊದೆಸುವುದಿಲ್ಲ.

ಆ ಪೆಟ್ಟಿಗೆ ಬದುಕುವುದು ಗಾಳಿಯಿಂದ. ಒಳಗಿನ ಬಿಸಿಯನ್ನು ತಂದು ಹೊರಗಿನ ಗಾಳಿಗೆ ಬಿಡಬೇಕು. ಮುಚ್ಚಿದರೆ ತಾನು ಉಗುಳಿದ ಬಿಸಿಯನ್ನೇ ತಾನು ಮತ್ತೆ ಎಳೆದುಕೊಳ್ಳುತ್ತದೆ, ಮತ್ತೆ ಉಗುಳುತ್ತದೆ, ಕೊನೆಗೆ ಸುಟ್ಟುಹೋಗಬಾರದು ಅಂತ ತಾನೇ ನಿಂತುಬಿಡುತ್ತದೆ. ಅಷ್ಟು ಬುದ್ಧಿ ಮೆಶಿನಿಗೆ ಉಂಟು.

ಎಳನೀರು ಬೊಂಡದ ಅಂಗಡಿಯವರ ಕತ್ತಿ ಕಿತ್ತುಕೊಂಡೆ. ಏಣಿ ಹತ್ತಿದೆ. ನೀವು ವಿಡಿಯೋದಲ್ಲಿ ನೋಡಿದ್ದು ಇಲ್ಲಿಂದ.

ಕೆಳಗಿನಿಂದ ಪುರುಷಣ್ಣ, "ಅಕ್ಕ, ಅಕ್ಕ, ಎಂತ ಮಾಡುದು ನೀವು? ಹೊಸ ಟರ್ಪಾಲು ಅದು! ಬಿಸಿಲಿಗೆ ಮೆಶಿನ್ ಕಾಯ್ತದೆ ಅಂತ ಕಟ್ಟಿದ್ದು. ಮಳೆ ಬಂದ್ರೆ ಒಳಗೆ ನೀರು ಹೋಗ್ತದಲ್ಲ!"

ನಾನು ಮೇಲಿನಿಂದ ಹೇಳಿದ್ದು ವಿಡಿಯೋದಲ್ಲಿ ಅರ್ಧ ಕೇಳಿಸುತ್ತದೆ. ಪೂರ್ತಿ ಇಲ್ಲಿ ಬರೆಯುತ್ತೇನೆ: "ನಿಮ್ಮ ಮೂಗಿಗೂ ಬಾಯಿಗೂ ಟರ್ಪಾಲು ಕಟ್ಟಿ, ಮೇಲಿಂದ ಒಂದು ಶಾಲು ಹೊದೆಸ್ಲಾ ಪುರುಷಣ್ಣ? ಫೋಟೋ ಆಗುವವರೆಗೆ ಹಾಗೇ ಕೂತ್ಕೊಳ್ತೀರಾ?" ಇದರ ನಂತರ ಹೇಳಿದ್ದನ್ನು ಪತ್ರಿಕೆಯಲ್ಲಿ ಹಾಕುವಂತಿಲ್ಲ. ಆದರೆ ಹೇಳಿದ್ದಕ್ಕೆ ನನಗೆ ಬೇಸರ ಇಲ್ಲ.

ಟರ್ಪಾಲು ಹೋಯಿತು. ಆದರೆ ಕಾದು ನಿಂತ ಮೆಶಿನು ಕೂಡಲೇ ಏಳುವುದಿಲ್ಲ. ಬಿಸಿ ಇಳಿಯಬೇಕು, ರಿಮೋಟು ಮುಟ್ಟದೆ ಕಾಯಬೇಕು. ಒತ್ತಿದಷ್ಟೂ ತಡ. ಕಾಯುವುದು ಅಂದರೆ ಏನು ಅಂತ ಆ ಹೊತ್ತಿಗೆ ನನ್ನನ್ನು ಕೇಳಬೇಕಿತ್ತು.

ವಿಠಲನನ್ನು ಶಾಲೆಯ ನೀರಿನ ಟ್ಯಾಂಕಿನ ಪಕ್ಕ, ಮಾವಿನ ಮರದ ಬುಡಕ್ಕೆ ತಂದೆವು. ಅಂಗಿ ಬಿಚ್ಚಿ ನೀರು ಹೊಯ್ದೆವು. ಶರಬತ್ತಿನ ಅಂಗಡಿಯ ಐಸು ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ, ಕುತ್ತಿಗೆಗೆ ಇಟ್ಟೆ. ಎರಡೂ ಟೀಮಿನ ಆಟಗಾರರು ಪಂದ್ಯ ಬಿಟ್ಟು ಬಂದು ಸ್ಕೋರ್ ಬೋರ್ಡಿನ ರಟ್ಟು ಕಿತ್ತು ಗಾಳಿ ಹಾಕಿದರು. ಅವನು ಕಣ್ಣು ಮುಚ್ಚಿದ್ದ. ಕರೆದರೆ "ಹ್ಞೂಂ" ಅನ್ನುತ್ತಿದ್ದ. ಆ "ಹ್ಞೂಂ" ಸಣ್ಣದಾಗುತ್ತಾ ಹೋಗುತ್ತಿತ್ತು. ನಾನು ಅವನ ಹೆಸರು ಹಿಡಿದು ಕರೆಯುತ್ತಲೇ ಇದ್ದೆ. ಅವನು ಹೊಳೆಗೆ ಹಾರಿದ ದಿನ ಆಸ್ಪತ್ರೆಯ ವರಾಂಡದಲ್ಲಿ ಕರೆದ ಹಾಗೆಯೇ.

ಪುರುಷಣ್ಣ ಹತ್ತಿರ ಬಂದು ಬಗ್ಗಿದರು. "ಬೆವರೇ ಇಲ್ಲವಲ್ಲ ಅಕ್ಕ. ಜ್ವರವಾ?"

ನಾನು ಅವರ ಕೈ ಹಿಡಿದೆಳೆದು ವಿಠಲನ ಎದೆಯ ಮೇಲೆ ಇಟ್ಟೆ. ಅವರು ಬೆಂಕಿ ಮುಟ್ಟಿದವರ ಹಾಗೆ ಕೈ ಹಿಂದೆ ತೆಗೆದುಕೊಂಡರು. ಮತ್ತೆ ತಾವೇ ಇಟ್ಟರು.

"ಇದೆಂತ ಅಕ್ಕ?"

"ಇದು ಸೆಕೆ" ಅಂದೆ.

ಅವರ ಹಣೆಯಿಂದ ಬೆವರು ಹನಿಹನಿಯಾಗಿ ವಿಠಲನ ಹೊಟ್ಟೆಯ ಮೇಲೆ ಬೀಳುತ್ತಿತ್ತು. ಅದನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ವ್ಯಾನಿನ ಮೇಲಿನಿಂದ ಗುರ್ ಅಂತ ಸದ್ದು ಬಂತು. ಪೆಟ್ಟಿಗೆ ಎದ್ದಿತ್ತು. ಬಾಗಿಲು, ಕಿಟಕಿ ತೆಗೆದು ಒಳಗಿನ ಬಿಸಿ ಬಿಟ್ಟು, ಮತ್ತೆ ಮುಚ್ಚಿ, ಅವನನ್ನು ಮಂಚದ ಮೇಲೆ ಮಲಗಿಸಿದೆವು. ಡಾಕ್ಟರು ಫೋನಿನಲ್ಲೇ ಇದ್ದರು, ಹೇಳಿದ ಹಾಗೆ ಮಾಡಿದೆ. ಒದ್ದೆ ಮೈಗೆ ತಂಪು ಗಾಳಿ. ಆಮೇಲೆ ಶಾಲೆಯ ಲೈನು ಕಿತ್ತು, ದಾರಿಗಷ್ಟೇ ಸಾಲುವ ಬ್ಯಾಟರಿಗೆ ಪೆಟ್ಟಿಗೆ ಹಾಕಿ, ಡ್ರೈವರು ಆಸ್ಪತ್ರೆಯ ದಾರಿ ಹಿಡಿದ. ನಾವು ಗೇಟು ದಾಟುವಾಗ ಮೈಕಿನಲ್ಲಿ ಘೋಷಣೆ: "ಎಸಿ ಹಾಳಾದ ಕಾರಣ ನಮ್ಮ ವೀಕ್ಷಕ ವಿವರಣೆಗಾರರು ವಿಶ್ರಾಂತಿಯಲ್ಲಿದ್ದಾರೆ."

ಎಸಿ ಹಾಳಾಗಿರಲಿಲ್ಲ ಸ್ವಾಮಿ! ಅಲ್ಲಿ ಇದ್ದವುಗಳಲ್ಲಿ ಹಾಳಾಗದೆ ಉಳಿದದ್ದು ಅದೊಂದೇ.

ಅರ್ಧ ದಾರಿಯಲ್ಲಿ ವಿಠಲ ಕಣ್ಣು ಬಿಟ್ಟ. "ಅಕ್ಕ, ಯಾರು ಗೆದ್ದದ್ದು?" ಅಂದ.

ನಾನು ಆಗ ಅತ್ತೆ. ಅದುವರೆಗೆ ಅಳಲು ಪುರುಸೊತ್ತೇ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಇನ್ನೊಂದು ಸೆಟ್ಟು ಆಡುವಷ್ಟು ಹೊತ್ತು ಹಾಗೇ ಬಿಟ್ಟಿದ್ದರೆ... ಎಂದು ಡಾಕ್ಟರು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಅವರು ನಿಲ್ಲಿಸಿದ ಆ ವಾಕ್ಯ ನನ್ನ ತಲೆಯಲ್ಲಿ ಈಗಲೂ ಓಡುತ್ತಿದೆ. ಫಿಲ್ಟರ್ ತೊಳೆಯುವಾಗ, ಅನ್ನ ಬಸಿಯುವಾಗ, ಇದನ್ನು ಬರೆಯುವಾಗ.

ಈಗ ಹೇಳಿ, ನನಗೆ ಸಿಟ್ಟು ಯಾರ ಮೇಲೆ? ಪುರುಷಣ್ಣನ ಮೇಲೆ ಇಟ್ಟುಕೊಳ್ಳಲು ಪ್ರಯತ್ನ ಮಾಡಿದೆ. ಆಗುತ್ತಿಲ್ಲ. ಆಸ್ಪತ್ರೆಗೆ ಬಂದು ಬಾಗಿಲ ಹೊರಗೆ ನಿಂತಿದ್ದರು, ಒಳಗೆ ಬನ್ನಿ ಅಂದರೂ ಬರಲಿಲ್ಲ. ಆಮೇಲೆ ಬಂದವರು ವಿಠಲನ ಹಣೆ ಮುಟ್ಟಿ ನೋಡಿ ಹೋದರು. ಹಣ್ಣಿನ ಬುಟ್ಟಿ ತಂದಿದ್ದರು. (ಶಾಲು ತಂದಿರಲಿಲ್ಲ. ಅಷ್ಟು ಪ್ರಗತಿ.)

ಸಿಟ್ಟು ಇರುವುದು ನಮ್ಮೆಲ್ಲರ ಒಂದು ಅಭ್ಯಾಸದ ಮೇಲೆ. ಇನ್ನೊಬ್ಬರ ಸೆಕೆಯನ್ನು ನಮ್ಮ ಬೆವರಿನಲ್ಲಿ ಅಳೆಯುತ್ತೇವೆ. ನನಗೆ ಆದದ್ದು ನಿನ್ನಲ್ಲಿ ಕಾಣದಿದ್ದರೆ ನಿನಗೆ ಆಗಲೇ ಇಲ್ಲ. ನಾನು ಒರೆಸಿಕೊಂಡೆ, ನೀನು ಒರೆಸಿಕೊಳ್ಳಲಿಲ್ಲ, ಹಾಗಾದರೆ ನೀನು ಆರಾಮ. ಆವತ್ತು ಮೈದಾನದಲ್ಲಿ ಅಷ್ಟು ಜನ ವಿಠಲನನ್ನು ನೋಡಿದರು. ಹಾರ ಹಾಕಿದರು, ಸೆಲ್ಫಿ ತೆಗೆದರು, ಕೈ ಕುಲುಕಲು ಬಂದು ಬೆರಳು ಮಡಚುವುದಿಲ್ಲ ಅಂತ ಭುಜ ತಟ್ಟಿದರು. ಅಂಗಿಯ ಮೇಲಿನಿಂದಲಾದರೂ ಆ ಬಿಸಿ ಒಬ್ಬರ ಅಂಗೈಗೂ ತಾಗಲಿಲ್ಲವಾ? ತಾಗಿರುತ್ತದೆ. ಆದರೆ ಮುಖದಲ್ಲಿ ಬೆವರಿಲ್ಲವಲ್ಲ, ಕಣ್ಣು ನಂಬಲಿಲ್ಲ.

ಇನ್ನೂ ಒಂದು ಸಿಟ್ಟು ಉಂಟು. ಆ ಪೆಟ್ಟಿಗೆ ಶೋಕಿ ಅಂತ ಮದುವೆಯಲ್ಲಿ ಕೊಂಕು ಮಾತಾಡಿದವರೇ, ಅದರ ಕೆಳಗೆ ಜಾಗ ಸಿಕ್ಕಿದರೆ ಮೊದಲು ಕಾಲು ಚಾಚುವವರು. ಬೇರೆಯವರು ಇಟ್ಟುಕೊಂಡರೆ ದೌಲತ್ತು, ತಾವು ಕೂತರೆ ವಿಶ್ರಾಂತಿ. ವೀಲ್‌ಚೇರಿನವನಿಗೆ ಮಾಡಿದ ರ‍್ಯಾಂಪಿನ ಮೇಲೆ ಬೈಕು ನಿಲ್ಲಿಸುವ ಕೈಗಳೂ ಇವರದ್ದೇ. ಅವನಿಗೆ ಬೇಕಾದದ್ದು ಏನು ಅಂತ ಅವನನ್ನೇ ಕೇಳಿದರೆ ಬಾಯಿ ಸವೆಯುತ್ತದಾ? ಕೇಳುವುದಿಲ್ಲ. ನಾವು ಹೊದೆಸುತ್ತೇವೆ. ಶಾಲು ಹೊದೆಸುತ್ತೇವೆ, ಟರ್ಪಾಲು ಹೊದೆಸುತ್ತೇವೆ, ಹೊಗಳಿಕೆ ಹೊದೆಸುತ್ತೇವೆ. ಒಳಗೆ ಮನುಷ್ಯ ಉಸಿರಾಡುತ್ತಿದ್ದಾನಾ ಅಂತ ನೋಡುವುದಿಲ್ಲ.

ವಿಠಲ ಮತ್ತೆ ಹೋಗುತ್ತೇನೆ ಅನ್ನುತ್ತಿದ್ದಾನೆ. ಗುಂಡ್ಯದ ಹತ್ತಿರ ಮುಂದಿನ ತಿಂಗಳು ಕಬಡ್ಡಿ ಉಂಟಂತೆ. ನಾನು ಬೇಡ ಅಂದೆ. "ಮನೆಯಲ್ಲಿ ಕೂತು ತಣ್ಣಗಿದ್ದು ಎಂತ ಮಾಡುದು ಅಕ್ಕ? ನನ್ನ ಬಾಯಿಗೂ ಟರ್ಪಾಲು ಹಾಕ್ತೀಯಾ?" ಅಂದ. ನನ್ನ ಡೈಲಾಗು ನನಗೇ. ಹೋಗುತ್ತೇವೆ. ಈ ಸಲ ವ್ಯಾನಿನ ಬಾಗಿಲಿಗೆ ಬೀಗ, ಏಣಿಗೆ ಬೀಗ. ಕತ್ತಿ ನನ್ನ ಬ್ಯಾಗಿನಲ್ಲೇ ಇರುತ್ತದೆ, ಸಮಿತಿಯವರು ಓದಿಕೊಳ್ಳಲಿ.

ನಿನ್ನೆ ಶನಿವಾರ. ಎಂದಿನಂತೆ ಏಣಿ ಹತ್ತಿ, ಕಸ ತೆಗೆದು, ಫಿಲ್ಟರ್ ತೊಳೆಯುತ್ತಿದ್ದೆ. ವಿಠಲ ವ್ಯಾನಿನ ಬಾಗಿಲಿನ ನೆರಳಲ್ಲಿ ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕೂತಿದ್ದ. ಕಬಕದ ಕಡೆಯ ಪರಿಚಯದವರೊಬ್ಬರು ಗೇಟಿನ ಹತ್ತಿರ ನಿಂತರು. ಸೀರೆಯ ಸೆರಗಿನಿಂದ ಮುಖ, ಕುತ್ತಿಗೆ, ಕೈ ಎಲ್ಲ ಒರೆಸಿಕೊಂಡು, ಉಸ್ ಅಂತ ಉಸಿರು ಬಿಟ್ಟು, ಅವನ ಕಡೆ ನೋಡಿ ಹೇಳಿದರು: "ಎಂತ ಸೆಕೆ ಮಾರಾಯ್ರೆ! ನಿಮ್ಮ ತಮ್ಮನನ್ನು ನೋಡಿ, ಒಂದು ಹನಿ ಬೆವರಿಲ್ಲ. ಪುಣ್ಯವಂತ."

ಒಂದು ಮಧ್ಯಾಹ್ನದ ಮಟ್ಟಿಗೆ ಆ ಪುಣ್ಯವನ್ನು ಕೊಡುತ್ತೇವೆ, ಯಾರಿಗೆ ಬೇಕು?